ಕೋಳಿಯ ಜುಟ್ಟು: ಹಿತ್ತಲಿನ ಆರೋಗ್ಯದ ಗುರುತು



ಹಿತ್ತಲಿನಲ್ಲಿ ಹತ್ತು ನಾಟಿಕೋಳಿ ಸಾಕುವ ಬಡ ಕುಟುಂಬಕ್ಕೆ ಅವೇ ಆಪತ್ಕಾಲದ ಹಣ. ಆ ಆಸ್ತಿಯ ಆರೋಗ್ಯವನ್ನು ಖರ್ಚಿಲ್ಲದೆ ತಿಳಿಸುವ ಗುರುತು ಪ್ರತಿಯೊಂದು ಕೋಳಿಯ ತಲೆಯ ಮೇಲೆಯೇ ಇದೆ. ಅದೇ ಜುಟ್ಟು.

ಜುಟ್ಟಿಗೆ ಗರಿಯಿಲ್ಲ, ಮೂಳೆಯೂ ಇಲ್ಲ. ತೆಳುವಾದ ಚರ್ಮದ ಕೆಳಗೆ ರಕ್ತನಾಳಗಳು ದಟ್ಟವಾಗಿ ಹೆಣೆದುಕೊಂಡಿರುವುದರಿಂದ ಅದು ಕೆಂಪಾಗಿ ಕಾಣುತ್ತದೆ. ಕೋಳಿಗೆ ಬೆವರುಗ್ರಂಥಿಗಳಿಲ್ಲ. ಆದ್ದರಿಂದ ಬೇಸಿಗೆಯಲ್ಲಿ ಜುಟ್ಟು ಹಾಗೂ ಕೊಕ್ಕಿನ ಕೆಳಗಿನ ಜೋಲುಗಳ ಮೂಲಕವೂ ಅದು ದೇಹದ ಶಾಖವನ್ನು ಹೊರಗೆ ಬಿಡುತ್ತದೆ.

1849ರಲ್ಲಿ ಜರ್ಮನಿಯ ಗೊಟಿಂಗನ್ ನಗರದಲ್ಲಿ ಆರ್ನಾಲ್ಡ್ ಬೆರ್ಟೋಲ್ಡ್ ಎಂಬ ವಿಜ್ಞಾನಿ ಎಳೆಯ ಹುಂಜಗಳ ಬೀಜ ತೆಗೆದಾಗ ಅವುಗಳ ಜುಟ್ಟು ಬೆಳೆಯಲಿಲ್ಲ. ಬೀಜವನ್ನು ಹೊಟ್ಟೆಯೊಳಗೆ ಮರಳಿ ಇರಿಸಿದ ಹುಂಜಗಳಲ್ಲಿ ಅದು ಎಂದಿನಂತೆ ಬೆಳೆಯಿತು. ಬೀಜದಿಂದ ರಕ್ತಕ್ಕೆ ಸೇರುವ ಅಂಶವೇ ಜುಟ್ಟನ್ನು ಬೆಳೆಸುತ್ತದೆಂದು ಇದರಿಂದ ತಿಳಿಯಿತು. ಹೇಂಟೆಯಲ್ಲಿಯೂ ಹಾಗೆಯೇ: ಮೊಟ್ಟೆಯಿಡುವ ಕಾಲದಲ್ಲಿ ಜುಟ್ಟು ಕೆಂಪಾಗಿ ತುಂಬಿರುತ್ತದೆ, ಮೊಟ್ಟೆ ನಿಂತಾಗ ಕುಗ್ಗುತ್ತದೆ.

ತಳಿಯಿಂದ ತಳಿಗೆ ಆಕಾರ ಬೇರೆ. ಲೆಗಾರ್ನ್ ಕೋಳಿಯ ಜುಟ್ಟು ಗರಗಸದ ಹಲ್ಲಿನಂತೆ ಎದ್ದಿದ್ದರೆ, ಅಸೀಲ್ ಕೋಳಿಯದು ತಲೆಗೆ ಅಂಟಿದಂತೆ ಗಿಡ್ಡವಾಗಿರುತ್ತದೆ. ಆದುದರಿಂದ ಗಾತ್ರಕ್ಕಿಂತಲೂ ಬಣ್ಣದಲ್ಲಾಗುವ ಬದಲಾವಣೆಯನ್ನು ಗಮನಿಸುವುದು ಉಚಿತ.

ಜುಟ್ಟು ಬಿಳಿಚಿಕೊಂಡರೆ ರಕ್ತಹೀನತೆಯ ಶಂಕೆ. ಹೊಟ್ಟೆಹುಳು ಅಥವಾ ರಕ್ತ ಹೀರುವ ಉಣ್ಣೆಗಳು ಕಾರಣವಾಗಿರಬಹುದು. ಗಂಟು, ಹಕ್ಕಳೆ ಎದ್ದರೆ ಕೋಳಿ ಸಿಡುಬಿರಬಹುದು. ಇದು ಸೊಳ್ಳೆಯಿಂದಲೂ ಹರಡುತ್ತದೆ, ಇದಕ್ಕೆ ಲಸಿಕೆಯಿದೆ. ಜುಟ್ಟು ನೀಲಿಗಪ್ಪಾದರೆ ರಕ್ತದಲ್ಲಿ ಆಮ್ಲಜನಕ ಕಡಿಮೆಯಾಗಿದೆ ಎಂದರ್ಥ. ಇದಕ್ಕೆ ಕಾರಣಗಳು ಹಲವು. ಆದರೆ ಜುಟ್ಟು ನೀಲಿಗಟ್ಟಿ, ತಲೆ ಊದಿ, ಕೋಳಿಗಳು ಒಮ್ಮೆಲೇ ಸಾಯತೊಡಗಿದರೆ ಹಕ್ಕಿಜ್ವರವನ್ನು ಶಂಕಿಸಲೇಬೇಕು. ಈ ರೋಗವು 2012ರಲ್ಲಿ ಬೆಂಗಳೂರು ಸಮೀಪದ ಹೆಸರಘಟ್ಟದಲ್ಲಿಯೂ 2020ರಲ್ಲಿ ಮೈಸೂರು ಹಾಗೂ ದಾವಣಗೆರೆ ಜಿಲ್ಲೆಗಳಲ್ಲಿಯೂ ಕಾಣಿಸಿಕೊಂಡಿತ್ತು.

ಇಲ್ಲಿಂದ ಪಂಚಾಯಿತಿಯ ಹೊಣೆ ಆರಂಭವಾಗುತ್ತದೆ. ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ತಡೆ ಮತ್ತು ನಿಯಂತ್ರಣಕ್ಕಾಗಿ ಇರುವ 2009ರ ಕೇಂದ್ರ ಕಾಯಿದೆಯ ಪ್ರಕಾರ, ಇಂತಹ ರೋಗದ ಶಂಕೆಯನ್ನು ಸಾಕಣೆದಾರರು ಗ್ರಾಮಾಧಿಕಾರಿಗೆ ಅಥವಾ ಗ್ರಾಮ ಪಂಚಾಯಿತಿಗೆ ತಿಳಿಸಬೇಕು. ಅಲ್ಲಿಂದ ಆ ಮಾಹಿತಿ ಸಮೀಪದ ಪಶುವೈದ್ಯರಿಗೆ ಲಿಖಿತವಾಗಿ ತಲುಪಬೇಕು. ದೂರವಾಣಿ ಸಂಖ್ಯೆ 1962ಕ್ಕೂ ಕರೆ ಮಾಡಬಹುದು. ರೋಗವನ್ನು ಖಚಿತಪಡಿಸುವುದು ಪ್ರಯೋಗಾಲಯದ ಕೆಲಸ. ವರದಿ ಬರುವವರೆಗೆ ವದಂತಿಗೆ ಅವಕಾಶ ಕೊಡಬಾರದು, ವಿಷಯವನ್ನು ಮುಚ್ಚಿಡಲೂಬಾರದು.

ನಷ್ಟದ ಭಯದಿಂದ ಕಾಯಿಲೆಯ ಕೋಳಿಗಳನ್ನು ಸಂತೆಗೆ ಸಾಗಿಸುವುದುಂಟು, ಸತ್ತವನ್ನು ಹಳ್ಳಕ್ಕೆ ಎಸೆಯುವುದೂ ಉಂಟು. ಒಂದು ಮನೆಯ ರೋಗ ಹತ್ತು ಊರಿಗೆ ಹಬ್ಬುವುದು ಹೀಗೆಯೇ. ರೋಗ ತಡೆಯಲೆಂದು ಸರ್ಕಾರ ಕೊಲ್ಲಿಸುವ ಕೋಳಿಗಳಿಗೆ ಪರಿಹಾರಧನವಿದೆ. ಬೇಗ ತಿಳಿಸಿದವರಿಗೆ ಇದರಿಂದ ಹಿತವೇ ಹೊರತು ಹಾನಿಯಿಲ್ಲ ಎಂಬುದನ್ನು ಸದಸ್ಯರು ಮನೆಮನೆಗೆ ಮನದಟ್ಟು ಮಾಡಬೇಕು.

ಮುಂದಿನ ಗ್ರಾಮಸಭೆಯಲ್ಲಿ ಪಶುವೈದ್ಯರನ್ನೂ ಸ್ವಸಹಾಯ ಸಂಘದ ಮಹಿಳೆಯರನ್ನೂ ಕೂರಿಸಿಕೊಂಡು ಈ ವಿಷಯವನ್ನು ಚರ್ಚಿಸಿ, ಲಸಿಕೆಯ ದಿನವನ್ನು ನಿಗದಿಪಡಿಸುವುದು ಯುಕ್ತ. ಬೆಳಿಗ್ಗೆ ಗೂಡಿನ ಬಾಗಿಲು ತೆರೆಯುವ ಗೃಹಿಣಿಯೇ ಜುಟ್ಟಿನ ಬಣ್ಣವನ್ನು ಮೊದಲು ಕಾಣುವವಳು. ಆಕೆಯ ಮಾತು ಅಂದೇ ಪಂಚಾಯಿತಿ ಕಚೇರಿಯನ್ನು ಮುಟ್ಟುವಂತಾದರೆ ಊರಿನ ಕೋಳಿಗಳು ಉಳಿಯುತ್ತವೆ, ಜನರ ಆರೋಗ್ಯವೂ ಉಳಿಯುತ್ತದೆ.