ಕಿವುಡ ವಿದ್ಯಾರ್ಥಿಗೂ ಪರಭಾಷೆ ಬೇಕು



ಕಿವುಡ ಮಕ್ಕಳ ಓದಿನ ಮಾತು ಬಂದರೆ ಅದು ನಮ್ಮಲ್ಲಿ ಕಿವಿಯ ಮೆಷಿನ್ನು, ಮಾಸಾಶನ, ಐಟಿಐ ಸೀಟು ಇಷ್ಟಕ್ಕೇ ಮುಗಿದುಹೋಗುತ್ತದೆ. ಪದವಿ ಓದುವ ಕಿವುಡ ಹುಡುಗಿಯೊಬ್ಬಳು ಇಂಗ್ಲಿಷನ್ನೋ ಜರ್ಮನ್ನನ್ನೋ ಕಲಿತು ಹೊರದೇಶದ ವಿಶ್ವವಿದ್ಯಾಲಯಕ್ಕೆ ಹೋಗಬಹುದೆಂಬ ಯೋಚನೆ ಹೆತ್ತವರಿಗೂ ಬರುವುದಿಲ್ಲ, ಕಾಲೇಜಿಗೂ ಬರುವುದಿಲ್ಲ. ಪರಭಾಷೆ ನಮಗೆ ದೂರದ್ದೇನಲ್ಲ. ದೇವನಹಳ್ಳಿಯಿಂದ 2008ರಿಂದಲೂ ಹೊರದೇಶಕ್ಕೆ ವಿಮಾನಗಳು ಏರುತ್ತಿವೆ, ಹೊಸಕೋಟೆಯಲ್ಲಿ ಸ್ವೀಡನ್ ಮೂಲದ ವೋಲ್ವೊ ಲಾರಿಗಳು ತಯಾರಾಗುತ್ತಿವೆ. ಕಿವಿ ಕೇಳುವ ಮಕ್ಕಳಿಗೆ ಇದೆಲ್ಲ ಅವಕಾಶವಾಗಿ ಕಾಣುತ್ತದೆ. ಕಿವುಡ ಮಕ್ಕಳಿಗೆ ಮಾತ್ರ ಭಾಷೆಯನ್ನು ಹೊರೆಯೆಂದು ತೋರಿಸಿ, ಆ ಹೊರೆ ಇಳಿಸಿದ್ದೇ ಉಪಕಾರವೆಂದು ಭಾವಿಸಿದ್ದೇವೆ. ಆ ಉಪಕಾರವೇ ಅವರ ದಾರಿಗೆ ಅಡ್ಡವಾಗಿದೆ ಎಂಬುದು ನನ್ನ ವಾದ.

ಕಾನೂನಿನಿಂದಲೇ ಶುರು ಮಾಡೋಣ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಉನ್ನತ ಶಿಕ್ಷಣದಲ್ಲಿ ಶೇಕಡ 5ಕ್ಕೆ ಕಡಿಮೆಯಿಲ್ಲದಷ್ಟು ಸೀಟು ಮೀಸಲಿಡಬೇಕೆಂದು ಹೇಳುತ್ತದೆ. ಅದರ 17ನೇ ಕಲಮು ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆಯಲು ಸಹಾಯಕರು ಮುಂತಾದ ಸೌಲಭ್ಯಗಳ ಸಾಲಿನಲ್ಲಿಯೇ ಎರಡನೆಯ ಮತ್ತು ಮೂರನೆಯ ಭಾಷೆಯಿಂದ ವಿನಾಯಿತಿಯನ್ನೂ ಹೆಸರಿಸುತ್ತದೆ. ಇದರ ಹಿಂದಿನ ಕಾಳಜಿ ನಿಜವಾದದ್ದು. ಉಚ್ಚಾರಣೆ, ಉಕ್ತಲೇಖನ, ಗಟ್ಟಿಯಾಗಿ ಓದುವುದು, ಹೀಗೆ ಕಿವಿಯನ್ನೇ ನೆಚ್ಚಿದ ಪಾಠದಲ್ಲಿ ಕಿವುಡ ಮಗುವನ್ನು ಫೇಲು ಮಾಡುವುದು ಅನ್ಯಾಯ. ಆದರೆ ಅದೇ ಕಾಯ್ದೆ 16ನೇ ಕಲಮಿನಲ್ಲಿ, ಕಿವುಡರಿಗೆ ಅವರಿಗೆ ಹೊಂದುವ ಭಾಷೆ ಮತ್ತು ಸಂವಹನದ ವಿಧಾನದಲ್ಲಿ ಶಿಕ್ಷಣ ಕೊಡಬೇಕೆಂದೂ ಹೇಳಿದೆ. ಒಂದು ಕಲಮು ಬಿಡುವು ಕೊಡುತ್ತದೆ, ಇನ್ನೊಂದು ಕಲಿಸು ಎನ್ನುತ್ತದೆ. ಬಿಡುವು ಕೊಡಲು ಒಂದು ಸಹಿ ಸಾಕು. ಕಲಿಸಲು ಸನ್ನೆ ಭಾಷೆ ಬಲ್ಲ ಮೇಷ್ಟರು ಬೇಕು. ಎರಡರಲ್ಲಿ ಆಡಳಿತಕ್ಕೆ ಯಾವುದು ಸಲೀಸೆಂದು ವಿವರಿಸಬೇಕಾಗಿಲ್ಲ.

ಈ ಬಿಡುವಿನ ಬೆಲೆ ಗೊತ್ತಾಗುವುದು ತಡವಾಗಿ. ಕೇಂದ್ರ ಸರ್ಕಾರ ವಿಕಲಚೇತನರ ಹೊರದೇಶದ ಸ್ನಾತಕೋತ್ತರ ಮತ್ತು ಪಿಎಚ್.ಡಿ. ಓದಿಗೆ ವಿದ್ಯಾರ್ಥಿವೇತನ ಇಟ್ಟಿದೆ. ಇಡೀ ದೇಶಕ್ಕೆ, ಎಲ್ಲ ಬಗೆಯ ವಿಕಲತೆಗೂ ಸೇರಿ ವರ್ಷಕ್ಕೆ 20. ಇದು ಕಡಿಮೆಯೆಂಬುದು ಬೇರೆ ಮಾತು. ಆ 20ರಲ್ಲೊಂದನ್ನು ಪಡೆಯಲೂ ಹೊರಗಿನ ವಿಶ್ವವಿದ್ಯಾಲಯದ ಪ್ರವೇಶ ಬೇಕು, ಪ್ರವೇಶಕ್ಕೆ ಸಾಮಾನ್ಯವಾಗಿ ಟೋಫೆಲ್ ಅಥವಾ ಐಇಎಲ್‌ಟಿಎಸ್‌ನಂಥ ಇಂಗ್ಲಿಷ್ ಪರೀಕ್ಷೆ ಬೇಕು. ಟೋಫೆಲ್‌ನಲ್ಲಿ ಕಿವುಡ ಅಭ್ಯರ್ಥಿ ಕೇಳಿಕೊಂಡರೆ ಆಲಿಸುವ, ಮಾತನಾಡುವ ಭಾಗಗಳನ್ನು ಕೈಬಿಡುತ್ತಾರೆ. ಓದುವ, ಬರೆಯುವ ಭಾಗ ಮಾತ್ರ ಉಳಿದೇ ಇರುತ್ತದೆ. ಅಲ್ಲಿ ಬಿಡುವುದು ಕಿವಿಯ ಕೆಲಸವನ್ನು. ಇಲ್ಲಿ ಕಿವಿಯ ಜೊತೆಗೆ ಕಣ್ಣು, ಕೈಗಳ ಕೆಲಸವನ್ನೂ ಬಿಟ್ಟುಕೊಟ್ಟಿದ್ದೇವೆ. ಈಜು ಕಲಿಸುವ ಬದಲು ಕೆರೆಗೆ ಬೇಲಿ ಹಾಕಿದ ಹಾಗೆ.

ಇದಕ್ಕೆ ಬರುವ ಮೊದಲ ಆಕ್ಷೇಪ ಎಲ್ಲರಿಗೂ ಗೊತ್ತಿರುವಂಥದ್ದು: ಕನ್ನಡದ ಒಂದು ವಾಕ್ಯ ನೆಟ್ಟಗೆ ಬರೆಯಲು ತಿಣುಕುವ ಮಕ್ಕಳಿಗೆ ಇನ್ನೊಂದು ಭಾಷೆಯ ಹಿಂಸೆ ಏಕೆ? ಅವರು ತಿಣುಕುವುದು ನಿಜ, ಕಾರಣ ಮಾತ್ರ ಕಿವುಡಲ್ಲ. 2002ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ರೇಚಲ್ ಮೇಬೆರಿ ಮತ್ತು ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದರು. ಎಳವೆಯಲ್ಲೇ ಸನ್ನೆ ಭಾಷೆ ಸಿಕ್ಕ ಕಿವುಡರು ಮುಂದೆ ಇಂಗ್ಲಿಷನ್ನು, ಬೇರೆ ಮಾತೃಭಾಷೆಯ ಕಿವಿ ಕೇಳುವವರು ಕಲಿಯುವಷ್ಟೇ ಮಟ್ಟಕ್ಕೆ ಕಲಿತಿದ್ದರು. ಎಳವೆಯಲ್ಲಿ ಯಾವ ಭಾಷೆಯೂ ಸರಿಯಾಗಿ ದಕ್ಕದವರು ಹಿಂದೆ ಬಿದ್ದಿದ್ದರು. ಮೊದಲ ಭಾಷೆ ಹೊತ್ತಿಗೆ ಸಿಗದೆ ಹೋದದ್ದೇ ಪೆಟ್ಟು. ಆ ಪೆಟ್ಟಿಗೆ ಮದ್ದೆಂದು ಎರಡನೆಯ ಭಾಷೆಯನ್ನೂ ಕಿತ್ತುಕೊಳ್ಳುತ್ತಿದ್ದೇವೆ. ಕಾಕ್ಲಿಯರ್ ಇಂಪ್ಲಾಂಟ್ ಬಂದ ಮೇಲೆ ಇದೆಲ್ಲ ಹಳೆಯ ಕಥೆ ಎನ್ನುವವರಿದ್ದಾರೆ. ಅದು ಬಹಳಷ್ಟು ಮಕ್ಕಳಿಗೆ ನೆರವಾಗುತ್ತದೆ, ಸಂತೋಷ. ಆದರೆ ಈಗಾಗಲೇ ಪದವಿ ತರಗತಿಯಲ್ಲಿ ಕೂತವರಿಗೆ, ತಡವಾಗಿ ಪತ್ತೆಯಾದವರಿಗೆ ಅದು ಉತ್ತರವಲ್ಲ.

ಕಿವುಡರಿಗೆ ಹಲವು ಭಾಷೆ ಒಗ್ಗುವುದಿಲ್ಲ ಎನ್ನುವವರು ದೊಡ್ಡಬಳ್ಳಾಪುರದಾಚೆಗೆ, ಗೌರಿಬಿದನೂರು ತಾಲ್ಲೂಕಿನ ಅಲೀಪುರವನ್ನು ನೋಡಬೇಕು. ಹುಟ್ಟುಕಿವುಡು ಹೆಚ್ಚಿರುವ ಊರು ಅದು. 2012ರ ಲೆಕ್ಕದಂತೆ ಸುಮಾರು 10 ಸಾವಿರ ಜನರಲ್ಲಿ 150ರಷ್ಟು ಮಂದಿ ಕಿವುಡರು. ಆ ಊರಿಗೆ ತನ್ನದೇ ಒಂದು ಸನ್ನೆ ಭಾಷೆಯಿದೆ. ಅದನ್ನು ಯಾವ ಶಾಲೆಯೂ ಕಲಿಸಿದ್ದಲ್ಲ, ಊರವರ ನಡುವೆಯೇ ಬೆಳೆದದ್ದು. ಸುತ್ತ ಉರ್ದು, ಕನ್ನಡ. ಹೊರಗಿನ ಕಿವುಡರ ಜೊತೆ ಬೆರೆತಲ್ಲಿ ಭಾರತೀಯ ಸನ್ನೆ ಭಾಷೆ. ಇಷ್ಟರ ನಡುವೆ ಬದುಕುವವರನ್ನು ಒಂದೇ ಭಾಷೆಗೆ ಕಟ್ಟಿಹಾಕುವ ನಮ್ಮ ಧೈರ್ಯ ದೊಡ್ಡದು. ಅಲೀಪುರದ ಸನ್ನೆ ಭಾಷೆಯ ಬಗ್ಗೆ ಅಧ್ಯಯನ ಬರೆದ ಸಿಬಾಜಿ ಪಂಡಾ ಅವರೂ ಕಿವುಡರೇ. ಇಂಗ್ಲೆಂಡಿನ ಸೆಂಟ್ರಲ್ ಲ್ಯಾಂಕಶೈರ್ ವಿಶ್ವವಿದ್ಯಾಲಯದ ಸನ್ನೆ ಭಾಷಾ ಸಂಶೋಧನೆಯ ಜೊತೆ ಇದ್ದವರು. ನಮ್ಮ ನೆರೆಯ ಊರಿನ ಭಾಷೆ ವಿದ್ವತ್ ಲೋಕಕ್ಕೆ ತಿಳಿದದ್ದು, ಹೊರಗಿನ ವಿದ್ಯೆಯನ್ನೂ ಇಂಗ್ಲಿಷನ್ನೂ ದಕ್ಕಿಸಿಕೊಂಡ ಒಬ್ಬ ಕಿವುಡ ವಿದ್ವಾಂಸರಿಂದ.

ಇದು ಒಂಟಿ ಉದಾಹರಣೆಯಲ್ಲ. 1816ರಲ್ಲಿ ಫ್ರಾನ್ಸಿನಿಂದ ಅಮೆರಿಕಕ್ಕೆ ಹೊರಟ ಲೊರಾಂ ಕ್ಲೆರ್ ಎಂಬ ಕಿವುಡ ಶಿಕ್ಷಕ ಹಡಗಿನಲ್ಲಿ ಸಂಗಾತಿ ಗ್ಯಾಲಡೆಟ್‌ಗೆ ಸನ್ನೆ ಕಲಿಸುತ್ತ, ಅವರಿಂದ ತಾನು ಇಂಗ್ಲಿಷ್ ಕಲಿತರು. ಮರುವರ್ಷ ಹಾರ್ಟ್‌ಫರ್ಡ್‌ನಲ್ಲಿ ಇಬ್ಬರೂ ಕಿವುಡರ ಶಾಲೆ ತೆರೆದರು. ಹಿಮಾಚಲದ ಹಳ್ಳಿಯಲ್ಲಿ ಬಾಲ್ಯದಲ್ಲೇ ಶ್ರವಣಶಕ್ತಿ ಕಳೆದುಕೊಂಡ ಮದನ್ ವಸಿಷ್ಠ 1967ರಲ್ಲಿ ವಾಷಿಂಗ್ಟನ್ನಿನಲ್ಲಿ ಗ್ಯಾಲಡೆಟ್ ಹೆಸರಿನ ಕಿವುಡರ ಕಾಲೇಜು ಸೇರಿ, ಮುಂದೆ ಸಂಗಡಿಗರ ಜೊತೆ ಭಾರತದ ನಗರಗಳ ಸನ್ನೆಗಳನ್ನು ದಾಖಲಿಸಿದರು. ಅದರಲ್ಲಿ ಬೆಂಗಳೂರಿನದೂ ಇದೆ. ಹೊರಗೆ ಕಳಿಸಿದರೆ ನಮಗೇನು ಬಂತು ಎಂದು ಕೇಳುವವರಿಗೆ ಇಷ್ಟು ಸಾಕು.

ಹೊರದೇಶದ ಓದನ್ನು ಸುಲಭವೆಂದು ತೋರಿಸುವುದೂ ತಪ್ಪು. ನಮ್ಮ ಸನ್ನೆಯ ಅಕ್ಷರಮಾಲೆಗೆ ಎರಡು ಕೈ ಬೇಕು, ಅಮೆರಿಕದ್ದಕ್ಕೆ ಒಂದೇ ಕೈ. ಸನ್ನೆ ಭಾಷೆ ಜಗತ್ತಿಗೆಲ್ಲ ಒಂದೇ ಎಂಬುದು ಬರಿಯ ನಂಬಿಕೆ. ಅಲ್ಲಿ ಹೋದವರು ಇಂಗ್ಲಿಷಿನ ಜೊತೆಗೆ ಇನ್ನೊಂದು ಸನ್ನೆ ಭಾಷೆಯನ್ನೂ ಕಲಿಯಬೇಕು. ಸನ್ನೆ ದುಭಾಷಿಗಳ ಖರ್ಚಿನ ವಿಷಯದಲ್ಲಿ ದೇಶದಿಂದ ದೇಶಕ್ಕೆ ವ್ಯತ್ಯಾಸವಿದೆ: ಅಮೆರಿಕದ 1990ರ ವಿಕಲಚೇತನರ ಕಾಯ್ದೆ ವಿಶ್ವವಿದ್ಯಾಲಯಗಳಿಗೇ ಹೊಣೆ ಹೊರಿಸುತ್ತದೆ, ವಿಕಲಚೇತನ ವಿದ್ಯಾರ್ಥಿಗಳಿಗೆ ಕೊಡುವ ಬ್ರಿಟನ್ನಿನ ಸರ್ಕಾರಿ ಭತ್ಯೆ ಹೊರದೇಶದ ವಿದ್ಯಾರ್ಥಿಗೆ ಸಿಗುವುದಿಲ್ಲ. ಇದನ್ನು ಮೊದಲೇ ಹೇಳುವವರು ಬೇಕು.

ಕಿವುಡ ವಿದ್ಯಾರ್ಥಿಗಳು ಕಡಿಮೆ, ಅವರಿಗಾಗಿ ಇಷ್ಟು ವ್ಯವಸ್ಥೆ ಹೇಗೆ ಎಂಬ ಕೊನೆಯ ಆಕ್ಷೇಪ ಉಳಿಯಿತು. ಬೇಕಾದದ್ದರಲ್ಲಿ ಕೆಲವು ಆಗಲೇ ನಮ್ಮಲ್ಲಿವೆ. ದೆಹಲಿಯ ಭಾರತೀಯ ಸನ್ನೆ ಭಾಷಾ ಸಂಶೋಧನಾ ಮತ್ತು ತರಬೇತಿ ಕೇಂದ್ರ 2021ರಲ್ಲಿ 10 ಸಾವಿರ ಪದಗಳ ನಿಘಂಟು ಹೊರತಂದಿದೆ. ಮೈಸೂರಿನಲ್ಲಿ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೆ. ಒಂದು ಜಿಲ್ಲೆಗೆ ಒಬ್ಬ ಸನ್ನೆ ಬಲ್ಲ ಭಾಷಾ ಶಿಕ್ಷಕರು, ವಾರಕ್ಕೆರಡು ತರಗತಿ ಆನ್‌ಲೈನಿನಲ್ಲಿ, ಓದು ಬರಹಕ್ಕೆ ಮಾತ್ರ ಅಂಕ: ಇದು ಆಗದ ಕೆಲಸವಲ್ಲ. ವಿನಾಯಿತಿಯನ್ನು ರದ್ದು ಮಾಡಿ ಎಂದು ನಾನು ಹೇಳುತ್ತಿಲ್ಲ. ಬೇಕೆಂದವರಿಗೆ ಅದು ಇರಲಿ. ನೆಲಮಂಗಲ, ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರದ ಕಾಲೇಜುಗಳ ಪ್ರಾಂಶುಪಾಲರಲ್ಲಿ ನನ್ನ ಕೋರಿಕೆ ಇಷ್ಟೇ: ವಿನಾಯಿತಿಯ ಅರ್ಜಿಗೆ ಸಹಿ ಹಾಕುವ ಮುನ್ನ, ಕಲಿಯುವ ದಾರಿಯೂ ಇದೆಯೆಂದು ಆ ವಿದ್ಯಾರ್ಥಿಗೆ ಸನ್ನೆ ಬಲ್ಲವರಿಂದ ತಿಳಿಸಿ, ಆಯ್ಕೆಯನ್ನು ಅವರಿಗೇ ಬಿಡಿ.