ಸೂಜಿ ಹಿಡಿದವನ ಕೈ ಬಿಡಬೇಡಿ
(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬದವರು ಮತ್ತು ಸಹಾಬಿಗಳ ಮೇಲೂ ಸಲಾತ್ ಮತ್ತು ಸಲಾಮ್ ಇರಲಿ.

ಪ್ರೀತಿಯ ಸಹೋದರರೇ, ತಖ್ವಾದಿಂದ ಬದುಕಬೇಕೆಂದು ಮೊದಲು ನಮಗೂ ನಂತರ ನಿಮಗೂ ಉಪದೇಶಿಸುತ್ತೇವೆ. ಅಮಲು ಪದಾರ್ಥ ಹರಾಮ್ ಎಂದು ಈ ಮಿಂಬರಿನಿಂದ ಹಲವು ಸಲ ಹೇಳಿದ್ದೇವೆ. ಅದರಲ್ಲಿ ಎರಡು ಮಾತಿಲ್ಲ. ಇಂದು ಅದರ ಮುಂದಿನ ಮಾತು ಹೇಳಬೇಕಾಗಿದೆ. ಆ ಹರಾಮಿನಲ್ಲಿ ಬಿದ್ದು ಇನ್ನೂ ಎದ್ದು ಬರಲಾಗದ ನಮ್ಮ ಮಕ್ಕಳ ಜೀವ ಉಳಿಸುವ ಹೊಣೆ ಯಾರದು?

ಸೂಜಿಯ ಮೂಲಕ ಅಮಲು ಏರಿಸಿಕೊಳ್ಳುವವರಲ್ಲಿ ಒಂದೇ ಸಿರಿಂಜ್ ಹಲವರ ಕೈ ಸೇರುತ್ತದೆ. ಕಣ್ಣಿಗೆ ಕಾಣದಷ್ಟು ರಕ್ತ ಅದರಲ್ಲಿ ಉಳಿದರೂ ಸಾಕು, ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಹೆಪಟೈಟಿಸ್ ಸಿ ಇನ್ನೊಬ್ಬನಿಗೆ ತಗಲಬಹುದು. ನೀರಿನಲ್ಲಿ ತೊಳೆದ ಮಾತ್ರಕ್ಕೆ ಸಿರಿಂಜ್ ಸುರಕ್ಷಿತವಾಗುವುದಿಲ್ಲ. ಹೆಪಟೈಟಿಸ್ ಸಿ ವೈರಸ್ ಸಿರಿಂಜಿನೊಳಗೆ ವಾರಗಟ್ಟಲೆ ಉಳಿಯಬಲ್ಲದು. ಕಲಸುವ ಚಮಚ, ಸೋಸುವ ಹತ್ತಿ, ನೀರು ಇವುಗಳನ್ನು ಹಂಚಿಕೊಂಡರೂ ಅಪಾಯವಿದೆ. ಸೋಂಕು ತಗಲಿದವನಿಗೆ ವರ್ಷಗಟ್ಟಲೆ ಯಾವ ಲಕ್ಷಣವೂ ಕಾಣದೆ, ಯಕೃತ್ತು ಹಾಳಾದ ಮೇಲೆ ರೋಗ ತಿಳಿಯುವುದುಂಟು.

ಮಣಿಪುರವನ್ನು ನೋಡಿರಿ. ಪಂಗಲ್ ಎಂದು ಕರೆಯಲ್ಪಡುವ ನಮ್ಮ ಮುಸ್ಲಿಂ ಸಹೋದರರೂ ಅಲ್ಲಿದ್ದಾರೆ. ಮ್ಯಾನ್ಮಾರ್ ಗಡಿ ದಾಟಿ ಬಂದ ಹೆರಾಯಿನ್ 1980ರ ದಶಕದಲ್ಲಿ ಅಲ್ಲಿನ ಯುವಕರನ್ನು ಹಿಡಿಯಿತು. 1989-90ರಲ್ಲಿ ಅವರ ನಡುವೆ ಎಚ್‌ಐವಿ ಕಾಣಿಸಿಕೊಂಡಿತು. ಕೆಲವೇ ತಿಂಗಳಲ್ಲಿ, ಸೂಜಿ ಬಳಸುತ್ತಿದ್ದು ಪರೀಕ್ಷೆಗೆ ಒಳಗಾದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಸೋಂಕು ತಗಲಿತ್ತು. ಅಲ್ಲಿಗೇ ನಿಲ್ಲಲಿಲ್ಲ. ಸೂಜಿಯನ್ನೇ ಮುಟ್ಟದ ಹೆಂಡತಿಯರಿಗೂ ಅವರ ಹೊಟ್ಟೆಯ ಮಕ್ಕಳಿಗೂ ಅದು ತಲುಪಿತು. ಆ ಹೆಣ್ಣುಮಕ್ಕಳು ಮಾಡಿದ ತಪ್ಪೇನು?

ಮಣಿಪುರ ದೂರವಿರಬಹುದು, ಅಮಲು ದೂರವಿಲ್ಲ. ಮೊಹಲ್ಲಾದ ಒಬ್ಬ ತಾಯಿ ನಮ್ಮಲ್ಲಿ ಕೇಳಿದರು: "ಉಸ್ತಾದರೇ, ಎಷ್ಟು ಹೇಳಿದರೂ ಮಗ ಬಿಡುತ್ತಿಲ್ಲ. ಬೇರೆಯವರ ಸೂಜಿ ಚುಚ್ಚಿಕೊಳ್ಳಬೇಡ, ಹೊಸದು ತೆಗೆದುಕೋ ಎಂದು ಹೇಳಿದರೆ ನನಗೆ ಗುನಾಹ್ ಆಗುತ್ತದಾ?"

ಸಹೋದರರೇ, ಆ ತಾಯಿಯ ಪ್ರಶ್ನೆಗೆ ಉತ್ತರ ನಮ್ಮ ಫಿಕ್ಹ್‌ನಲ್ಲೇ ಇದೆ. ಎರಡು ಕೆಡುಕುಗಳು ಎದುರಾಗಿ ಎರಡನ್ನೂ ತಡೆಯಲಾಗದಿದ್ದರೆ, ದೊಡ್ಡದನ್ನು ತಡೆಯಲು ಚಿಕ್ಕದನ್ನು ಸಹಿಸಬೇಕು ಎಂಬುದು ಉಲಮಾಗಳು ಹೇಳಿದ ನಿಯಮ. ಧರ್ಮ, ಜೀವ, ಬುದ್ಧಿ, ಸಂತಾನ, ಸಂಪತ್ತು ಈ ಐದರ ರಕ್ಷಣೆ ಶರೀಅತ್‌ನ ಉದ್ದೇಶ. ಅಮಲು ಬುದ್ಧಿಯನ್ನು ಕೆಡಿಸುತ್ತದೆ. ಹಂಚಿಕೊಂಡ ಸೂಜಿ ಜೀವವನ್ನೂ ಸಂತಾನವನ್ನೂ ಕೆಡಿಸುತ್ತದೆ. ಮಗನ ಬುದ್ಧಿಯನ್ನು ಇಂದು ಉಳಿಸಲಾಗಲಿಲ್ಲವೆಂದು ಅವನ ಜೀವವನ್ನೂ ಕೈಬಿಡಬಹುದೇ? ಅವನು ಬದುಕಿದ್ದರೆ ತಾನೇ ನಾಳೆ ತೌಬಾ ಮಾಡುವುದು?

ಪ್ರವಾದಿ(ಸ)ರ ಕಾಲದಲ್ಲಿ ಮದ್ಯ ಸೇವಿಸಿ ಮತ್ತೆ ಮತ್ತೆ ಸಿಕ್ಕಿಬೀಳುತ್ತಿದ್ದ ಒಬ್ಬ ವ್ಯಕ್ತಿಯಿದ್ದರು. ಅವರಿಗೆ ಶಿಕ್ಷೆಯಾಯಿತು. ಆದರೆ ಒಬ್ಬರು ಅವರನ್ನು ಶಪಿಸಿದಾಗ ಪ್ರವಾದಿ(ಸ)ರು ತಡೆದರು. ಆತನ ಹೃದಯದಲ್ಲಿ ಅಲ್ಲಾಹ್ ಮತ್ತು ರಸೂಲರ ಪ್ರೀತಿಯಿದೆ ಎಂದು ತಿಳಿಸಿದರು. ತಪ್ಪನ್ನು ತಪ್ಪೆಂದೇ ಹೇಳಿದರು, ಆದರೆ ಮನುಷ್ಯನನ್ನು ದೂರ ತಳ್ಳಲಿಲ್ಲ.

ಮುಸ್ಲಿಂ ದೇಶಗಳೂ ಇದನ್ನು ಅರಿತಿವೆ. ಇರಾನಿನಲ್ಲಿ ಜೈಲುಗಳೊಳಗೆ ಸೋಂಕು ಹರಡಿದಾಗ, ಸೂಜಿ ವಿನಿಮಯ ಮತ್ತು ಮೆಥಡೋನ್ ಚಿಕಿತ್ಸೆಗೆ ಅಡ್ಡಿ ಮಾಡಬಾರದೆಂದು 2005ರಲ್ಲಿ ನ್ಯಾಯಾಂಗದ ಮುಖ್ಯಸ್ಥರಾದ ಆಯತುಲ್ಲಾ ಶಾಹ್‌ರೂದಿ ಸುತ್ತೋಲೆ ಹೊರಡಿಸಿದರು. ಮಲೇಷ್ಯಾ 2006ರಲ್ಲಿ ಸೂಜಿ ವಿನಿಮಯ ಆರಂಭಿಸಿತು. ಕೌಲಾಲಂಪುರದ ಅರ್ರಹ್ಮಾನ್ ಮಸೀದಿಯಲ್ಲಿ ವ್ಯಸನಿಗಳಿಗೆ ಮೆಥಡೋನ್ ಚಿಕಿತ್ಸೆಯನ್ನೂ ಕೊಡಲಾಯಿತು.

ನಮ್ಮ ದೇಶದಲ್ಲೂ ದಾರಿಗಳಿವೆ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮದಡಿ ಸೂಜಿ ಬಳಸುವವರಿಗೆ ಹೊಸ ಸೂಜಿ ಕೊಡುವ ಕೇಂದ್ರಗಳಿವೆ. ನಾಲಿಗೆಯಡಿ ಇಡುವ ಬುಪ್ರೆನಾರ್ಫಿನ್ ಮಾತ್ರೆಯನ್ನು ವೈದ್ಯಕೀಯ ಮೇಲ್ವಿಚಾರಣೆಯಲ್ಲಿ ಕೊಡುತ್ತಾರೆ. ಅದು ಅಮಲಿನ ಹಸಿವನ್ನು ತಗ್ಗಿಸುವುದರಿಂದ ಸೂಜಿ ಬಿಡಲು ಸಹಾಯವಾಗುತ್ತದೆ. 2017ರ ಎಚ್‌ಐವಿ ಕಾಯ್ದೆಯ ಪ್ರಕಾರ ಇಂತಹ ಸೇವೆ ಅಪರಾಧವಲ್ಲ. ಸಣ್ಣ ಪ್ರಮಾಣದ ಪ್ರಕರಣದಲ್ಲಿ ಸಿಕ್ಕಿಬಿದ್ದ ವ್ಯಸನಿ ತಾನಾಗಿಯೇ ಮಾನ್ಯತೆ ಪಡೆದ ಕೇಂದ್ರದಲ್ಲಿ ಪೂರ್ತಿ ಚಿಕಿತ್ಸೆ ಪಡೆದರೆ, ಮಾದಕವಸ್ತು ಕಾಯ್ದೆಯೇ ಅವನಿಗೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ.

ಹೆಪಟೈಟಿಸ್ ಸಿ ಗುಣವಾಗುವ ರೋಗ. ಹೆಚ್ಚಿನವರಿಗೆ 12 ವಾರ ಮಾತ್ರೆ ಸಾಕು. 2018ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಪರೀಕ್ಷೆಯೂ ಔಷಧಿಯೂ ಉಚಿತ. ಹೆಪಟೈಟಿಸ್ ಬಿಗೆ ಲಸಿಕೆ ಇದೆ. ಎಚ್‌ಐವಿ ಪೂರ್ತಿ ಗುಣವಾಗದಿದ್ದರೂ, ಉಚಿತವಾಗಿ ಸಿಗುವ ಮಾತ್ರೆಯನ್ನು ತಪ್ಪದೆ ತೆಗೆದುಕೊಂಡರೆ ದೀರ್ಘಕಾಲ ಬದುಕಬಹುದು. ಸೋಂಕು ಹೆಂಡತಿಗೆ ತಗಲದಂತೆಯೂ ತಡೆಯಬಹುದು. ವ್ಯಸನದ ಬಗ್ಗೆ 14446, ಎಚ್‌ಐವಿ ಬಗ್ಗೆ 1097 ಸಂಖ್ಯೆಗೆ ಕರೆ ಮಾಡಿರಿ. ಎರಡೂ ಉಚಿತ.

ಇನ್ನು ನಾವು ಮಾಡಬೇಕಾದದ್ದು. ಮಗನ ತೋಳಿನಲ್ಲಿ ಸೂಜಿಯ ಗುರುತು ಕಂಡರೆ ಮನೆಯಿಂದ ಹೊರಹಾಕಬೇಡಿ. ಹೊರಗೆ ಹೋದವನಿಗೆ ಸಿಗುವುದು ಇನ್ನೊಬ್ಬನ ಸೂಜಿಯೇ. ಪರೀಕ್ಷೆಗೆ ಜೊತೆಯಲ್ಲಿ ಹೋಗಿರಿ. ಸೋಂಕನ್ನು ಮುಚ್ಚಿಟ್ಟು ನಿಕಾಹ್ ಮಾಡಿಸಬೇಡಿ, ಅದು ಒಂದು ಹೆಣ್ಣಿಗೆ ಮಾಡುವ ಮೋಸ. ಜಮಾಅತಿನ ಹೊಣೆ ಹೊತ್ತವರು ಯಾರ ಪರೀಕ್ಷೆಯ ಫಲಿತಾಂಶವನ್ನೂ ನಾಲ್ಕು ಜನರಲ್ಲಿ ಆಡಬಾರದು. ಸಲಾಮ್ ಹೇಳಿ ಕೈ ಹಿಡಿಯುವುದರಿಂದ, ಒಂದೇ ಸಫ್‌ನಲ್ಲಿ ನಿಲ್ಲುವುದರಿಂದ, ಒಂದೇ ತಟ್ಟೆಯಲ್ಲಿ ಉಣ್ಣುವುದರಿಂದ ಎಚ್‌ಐವಿ ತಗಲುವುದಿಲ್ಲ. ಸೋಂಕಿದ್ದವರು ಮರಣ ಹೊಂದಿದರೆ ಮಯ್ಯಿತ್ ಸ್ನಾನಕ್ಕೆ ಹಿಂಜರಿಯಬೇಡಿ. ಕೈಗವಸು ಹಾಕಿ, ಕೈಯಲ್ಲಿ ಗಾಯವಿದ್ದವರು ಬೇರೆಯವರಿಗೆ ಬಿಟ್ಟು, ಗೌರವದಿಂದ ಆ ಹಕ್ಕನ್ನು ಪೂರೈಸಿರಿ.

ಆ ತಾಯಿಗೆ ನಾವು ಹೇಳಿದ್ದು ಇಷ್ಟೇ: "ಬಿಡು ಎಂದು ಹೇಳುವುದನ್ನು ನಿಲ್ಲಿಸಬೇಡಿ. ಬಿಡುವವರೆಗೆ ಅವನನ್ನು ಜೀವಂತ ಇಡುವುದನ್ನೂ ನಿಲ್ಲಿಸಬೇಡಿ."

ಅಲ್ಲಾಹನೇ, ನಮ್ಮ ಮಕ್ಕಳನ್ನು ಅಮಲಿನಿಂದ ಕಾಪಾಡು. ಬಿದ್ದವರಿಗೆ ತೌಬಾದ ಭಾಗ್ಯವನ್ನೂ ಶಿಫಾವನ್ನೂ ಕರುಣಿಸು. ಅವರನ್ನು ಕೈಹಿಡಿದು ಎತ್ತುವ ಮನಸ್ಸನ್ನು ನಮಗೆ ಕೊಡು. ಆಮೀನ್.