ಮನೆಯ ಹೊಸ್ತಿಲು ದಾಟದ ಮಾತು

ಕುಂದಾಪುರ, ಬೈಂದೂರು, ಬ್ರಹ್ಮಾವರದ ಬದಿಯಲ್ಲಿ ಜನ ಆಡುವ ಭಾಷೆ ಯಾವುದು ಅಂತ ಯಾರನ್ನೇ ಕೇಳಿ, ಮೊದಲು ಬರುವ ಉತ್ತರ ಕುಂದಾಪ್ರ ಕನ್ನಡ. ಬ್ರಹ್ಮಾವರದ ತೆಂಕು ಬದಿಯವರು ತುಳು ಸೇರಿಸುತ್ತಾರೆ, ಇನ್ನು ಕೆಲವರು ಕೊಂಕಣಿ ಅನ್ನುತ್ತಾರೆ. ಕೊರಗ ಭಾಷೆ ಅಂತ ಹೇಳುವವರು ತೀರಾ ಅಪರೂಪ. ಇದೇ ನೆಲದಲ್ಲಿ ಬಹುಕಾಲದಿಂದ ಬದುಕಿದ, ಊರಿಗೆಲ್ಲ ಹೆಡಗೆ, ಗೆರಸಿ, ಬುಟ್ಟಿ ಹೆಣೆದುಕೊಟ್ಟ ಸಮುದಾಯದ ಮನೆಮಾತು ಅದು. 2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ ಕೊರಗರ ಸಂಖ್ಯೆ 14,794, ಕೇರಳದಲ್ಲಿ 1,582. ಅಷ್ಟು ಜನರಲ್ಲಿ ಎಲ್ಲರೂ ಈ ಭಾಷೆ ಆಡುವುದಿಲ್ಲ. ಜನ ಕಡಿಮೆ, ಅದಕ್ಕೇ ಭಾಷೆ ಸೊರಗುತ್ತಿದೆ ಅಂತ ಸುಲಭವಾಗಿ ಹೇಳಿಬಿಡಬಹುದು. ನನಗೆ ಅದು ಸರಿ ಕಾಣುವುದಿಲ್ಲ. ಈ ಭಾಷೆಗೆ ನಾವು ಮನೆಯ ಹೊರಗೆ ಒಂದು ಜಾಗವನ್ನೂ ಬಿಟ್ಟುಕೊಡಲಿಲ್ಲ. ಈಗ ಮನೆಯೊಳಗಿನ ಜಾಗವೂ ಹೋಗುತ್ತಿದೆ. ಇವತ್ತು ನಾನು ಹೇಳಹೊರಟಿರುವುದು ಇಷ್ಟೇ.

ಮೊದಲು ಸಾಮಾನ್ಯವಾಗಿ ಕೇಳಿಬರುವ ಆಕ್ಷೇಪವನ್ನೇ ತೆಗೆದುಕೊಳ್ಳೋಣ. ಕೊರಗ ಅನ್ನುವುದು ಬೇರೆ ಭಾಷೆಯೇ ಅಲ್ಲ, ತುಳುವಿನದೇ ಒಂದು ಬಗೆ ಅನ್ನುತ್ತಾರೆ. ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಈ ಸಮುದಾಯದ ನಡುವೆ ಅಧ್ಯಯನ ಮಾಡಿ 1971ರಲ್ಲಿ ಇದರ ವ್ಯಾಕರಣ ಪ್ರಕಟಿಸಿದರು. ಅವರು ಇದನ್ನು ಸ್ವತಂತ್ರ ದ್ರಾವಿಡ ಭಾಷೆಯಾಗಿಯೇ ಕಂಡರು. ಒಂಟಿ, ತಪ್ಪು, ಮುದು ಎಂಬ ಒಳಬಗೆಗಳನ್ನು ಗುರುತಿಸಿದರು. ಜಗತ್ತಿನ ಭಾಷೆಗಳ ಪಟ್ಟಿ ಮಾಡುವವರು ಇವತ್ತಿಗೂ ಕೊರ್ರ ಕೊರಗ, ಮುದು ಕೊರಗ ಅಂತ ಎರಡು ಭಾಷೆಗಳನ್ನಾಗಿಯೇ ಎಣಿಸುತ್ತಾರೆ. ಇದರ ಹತ್ತಿರದ ನೆಂಟ ತುಳು, ಅದರಲ್ಲಿ ಅನುಮಾನ ಬೇಡ. ಕುಂದಾಪುರ, ಕಾರ್ಕಳದ ಸುತ್ತ ಬುಟ್ಟಿ ಹೆಣೆಯುವ ಬೆಳಾರರ ಬೆಳಾರಿ ಮಾತೂ ಇದೇ ಬಳಗದ್ದು, ಅದನ್ನು ಆಡುವವರು ಇನ್ನೂ ಕಡಿಮೆ. ಇನ್ನೊಂದು ಕುತೂಹಲದ ವಿಷಯವೆಂದರೆ, ಕೊರಗದ ಕೆಲವು ಲಕ್ಷಣಗಳಲ್ಲಿ ಭಟ್ಟರಿಗೆ ದೂರದ ಉತ್ತರದ್ರಾವಿಡ ಭಾಷೆಗಳ ಹೋಲಿಕೆ ಕಂಡಿತು. ಕುಡುಖ್, ಮಾಲ್ತೋ ಇರುವುದು ಜಾರ್ಖಂಡದ ಕಡೆ, ಬ್ರಾಹುಯಿ ಇರುವುದು ಬಲೂಚಿಸ್ತಾನದಲ್ಲಿ. ಆ ಊಹೆಯನ್ನು ಎಲ್ಲರೂ ಒಪ್ಪಬೇಕೆಂದಿಲ್ಲ. ಆದರೆ ಅಂಥ ಪ್ರಶ್ನೆಗೆ ಉತ್ತರ ಹುಡುಕಲು ಬೇಕಾದ ಸಾಕ್ಷ್ಯ ಈ ಮನೆಗಳಲ್ಲೇ ಇದೆ, ಬೇರೆಲ್ಲೂ ಸಿಗುವುದಿಲ್ಲ.

ಭಾಷೆಯೋ ಉಪಭಾಷೆಯೋ ಎಂಬ ಜಗಳ ಹಾಗೇ ಇರಲಿ, ನಮ್ಮ ನಡವಳಿಕೆಯನ್ನೇ ನೋಡೋಣ. ಅರೆಭಾಷೆಯನ್ನು ಕನ್ನಡದ ಒಂದು ಬಗೆ ಅಂತಲೇ ಹಲವರು ಹೇಳುತ್ತಾರೆ. ಆದರೂ ಅದಕ್ಕೊಂದು ಸರ್ಕಾರಿ ಅಕಾಡೆಮಿ ಇದೆ, ಇರಲೇಬೇಕು. ಕುಂದಾಪ್ರ ಕನ್ನಡ ಕನ್ನಡವೇ. ಆಸಾಡಿ ಅಮಾಸಿ ದಿನ ವಿಶ್ವ ಕುಂದಾಪುರ ಕನ್ನಡ ದಿನ ಅಂತ ಊರಿಂದ ಬೆಂಗಳೂರಿನವರೆಗೆ ಸಂಭ್ರಮಿಸುತ್ತೇವೆ, ಅದೂ ಒಳ್ಳೆಯದೇ. ಅಂದ ಮೇಲೆ ಉಪಭಾಷೆಗೆ ಮರ್ಯಾದೆ ಇಲ್ಲ ಅನ್ನುವ ನಿಯಮ ನಮ್ಮಲ್ಲಿ ಇಲ್ಲವೇ ಇಲ್ಲ. ಕೊರಗ ಭಾಷೆಯ ವಿಷಯಕ್ಕೆ ಬಂದಾಗ ಮಾತ್ರ ಆ ನಿಯಮ ಎಲ್ಲಿಂದ ಬರುತ್ತದೆ?

ಎಲ್ಲಿಂದ ಅಂತ ಹುಡುಕಿದರೆ ಭಾಷೆ ಬಿಟ್ಟು ಬದುಕಿನ ಕಡೆ ಬರಬೇಕಾಗುತ್ತದೆ. ಕರ್ನಾಟಕದಲ್ಲಿ 2000ನೇ ಇಸವಿಯಲ್ಲಿ ಕೊರಗರ ಅಜಲು ಪದ್ಧತಿ ನಿಷೇಧ ಕಾಯ್ದೆ ಬಂತು. ಯಾವುದನ್ನು ನಿಷೇಧಿಸಿದೆ ಅಂತ ಅದನ್ನು ಓದಿದರೆ ಹೊಟ್ಟೆ ತೊಳಸುತ್ತದೆ. ಕೂದಲು, ಉಗುರು ಬೆರೆಸಿದ ಅನ್ನವನ್ನು ಅವರಿಗೆ ತಿನ್ನಿಸುವುದು. ಕಂಬಳ ಶುರುವಾಗುವ ಮೊದಲು ಅವರನ್ನು ಕೋಣಗಳ ಹಾಗೆ ಓಡಿಸುವುದು. ಇಂಥದ್ದು ಕೂಡದು ಅಂತ ಇಪ್ಪತ್ತೊಂದನೇ ಶತಮಾನದ ಹೊಸ್ತಿಲಲ್ಲಿ ಕಾನೂನು ಮಾಡಬೇಕಾಯಿತು. ನಾಲ್ಕು ಜನರ ನಡುವೆ ಇಂಥ ಸ್ಥಾನ ಸಿಕ್ಕಿದವರು ತಮ್ಮ ಮಾತನ್ನು ಪೇಟೆಯಲ್ಲಿ, ಬಸ್ಸಿನಲ್ಲಿ, ಶಾಲೆಯ ಜಗುಲಿಯಲ್ಲಿ ಆಡುವುದಾದರೂ ಹೇಗೆ? ಆಡಿದರೆ ಯಾರು ಅಂತ ಗೊತ್ತಾಗುತ್ತದೆ. ಹಾಗಾಗಿ ಕುಂದಾಪುರದ ಕಡೆ ಹೊರಗೆ ಕನ್ನಡ, ತೆಂಕಣಕ್ಕೆ ಹೋದರೆ ತುಳು, ಒಳಗೆ ಮಾತ್ರ ತಮ್ಮದು. ಈ ಜನ ತಮ್ಮ ಭಾಷೆಯನ್ನು ಹೊರಗಿನವರಿಗೆ ಬಿಟ್ಟುಕೊಡುವುದಿಲ್ಲ ಅಂತ ಹತ್ತೊಂಬತ್ತನೇ ಶತಮಾನದಲ್ಲೇ ಬರೆದವರಿದ್ದಾರೆ. ಉಳಿದದ್ದನ್ನೆಲ್ಲ ಬೇರೆಯವರು ಕಸಿದುಕೊಳ್ಳಬಹುದಾಗಿದ್ದಾಗ, ಯಾರ ಕೈಗೂ ಸಿಗದ ಸ್ವತ್ತು ಅದೊಂದೇ.

ಈಗ ಇನ್ನೊಂದು ಆಕ್ಷೇಪ. ಅವರೇ ಮಕ್ಕಳ ಜೊತೆ ಕನ್ನಡ ಆಡುತ್ತಿದ್ದಾರೆ, ಮಕ್ಕಳು ಓದಿ ಕೆಲಸ ಹಿಡಿಯಲಿ, ಅದನ್ನು ಬೇಡ ಅನ್ನಲು ನಾವು ಯಾರು? ಈ ಮಾತಿನಲ್ಲಿ ನ್ಯಾಯವಿದೆ. ತಮ್ಮ ಮಗು ಯಾರ ಬಾಯಿಗೂ ಆಡಿಕೊಳ್ಳಲು ಸಿಗದಿರಲಿ ಅಂತ ತಾಯಿ ಭಾಷೆ ಬದಲಿಸಿದರೆ ಅವಳನ್ನು ದೂರುವ ಹಕ್ಕು ಯಾರಿಗೂ ಇಲ್ಲ. ಆದರೆ ಅದನ್ನು ಅವಳ ಆಯ್ಕೆ ಅಂತ ಕರೆಯುವ ಮೊದಲು ಯೋಚಿಸಬೇಕು. ಎರಡೂ ಬಾಗಿಲು ತೆರೆದಿದ್ದಾಗ ಒಂದನ್ನು ಹಿಡಿದರೆ ಅದು ಆಯ್ಕೆ. ಕರಾವಳಿಯ ಮಕ್ಕಳು ಮೂರ್ನಾಲ್ಕು ಭಾಷೆ ಒಟ್ಟೊಟ್ಟಿಗೆ ಕಲಿಯುವುದು ಇಲ್ಲಿ ಮಾಮೂಲು. ಮನೆಯಲ್ಲಿ ಕೊಂಕಣಿ ಆಡುವ ಮಗು ಕನ್ನಡ, ಇಂಗ್ಲಿಷಿನಲ್ಲಿ ಹಿಂದೆ ಬೀಳುವುದಿಲ್ಲ. ಕೊರಗ ಆಡುವ ಮಗು ಮಾತ್ರ ಯಾಕೆ ಬೀಳಬೇಕು?

ಮುಚ್ಚಿದ ಬಾಗಿಲು ತೆರೆಯುವುದು ಹೇಗೆ ಅನ್ನುವುದಕ್ಕೆ ದೂರದ ಒಂದು ಉದಾಹರಣೆ ನೋಡೋಣ. ಅಮೆರಿಕದ ಒಕ್ಲಹೋಮದಲ್ಲಿ ಚಿಕಸಾ ಅಂತ ಒಂದು ಭಾಷೆ ಇದೆ, ಮಸ್ಕೋಗಿ ಕುಟುಂಬದ್ದು. ಅದರ ದೊಡ್ಡ ನೆಂಟ ಚಾಕ್ಟಾ. ಎರಡೂ ಒಂದೇ ಅನ್ನುವ ವಾದ ಅಲ್ಲೂ ಇದೆ. ಚಿಕಸಾ ಒಂದನ್ನೇ ಬಲ್ಲ ಕೊನೆಯ ಹಿರಿಯರಾದ ಎಮಿಲಿ ಜಾನ್ಸನ್ ಡಿಕರ್ಸನ್ 2013ರ ಕೊನೆಗೆ ತೀರಿಕೊಂಡರು. ಅಷ್ಟರಲ್ಲಿ ಆ ಜನ ಸುಮ್ಮನೆ ಕೂತಿರಲಿಲ್ಲ. 2007ರಲ್ಲೇ ಅವರ ಸ್ವಂತ ಆಡಳಿತ ಭಾಷೆಗಾಗಿ ಒಂದು ವಿಭಾಗ ತೆರೆದಿತ್ತು, ಕಲಿಯುವವರನ್ನು ಹಿರಿಯರ ಜೊತೆ ಕೂರಿಸಿತ್ತು. ಹಣ, ನಿರ್ಧಾರ ಎರಡೂ ಅವರ ಕೈಯಲ್ಲೇ ಇದ್ದವು. ನಮ್ಮಲ್ಲಿ ಆಗಬೇಕಾದ ಕೆಲಸಕ್ಕೂ ಇದೇ ದಾರಿ ಅನ್ನಿಸುತ್ತದೆ. ಬಚ್ಚಿಟ್ಟು ಕಾಪಾಡಿದ ಭಾಷೆಯನ್ನು ಹೊರಗಿನವರು ಮೈಕು ಹಿಡಿದು ಹೋಗಿ ದಾಖಲಿಸಿಕೊಂಡು ಬಂದರೆ ಅದೂ ಒಂದು ಬಗೆಯ ಕಿತ್ತುಕೊಳ್ಳುವಿಕೆಯೇ. ಏನನ್ನು ಬರೆದಿಡಬೇಕು, ಯಾರಿಗೆ ಕೇಳಿಸಬೇಕು ಅನ್ನುವುದನ್ನು ಸಮುದಾಯದ ಸಂಘಟನೆಗಳೇ ತೀರ್ಮಾನಿಸಲಿ, ಸರ್ಕಾರ ದುಡ್ಡು ಕೊಡಲಿ.

ಜೊತೆಗೆ ಭೂಮಿ. ಕೊರಗರ ಅಭಿವೃದ್ಧಿಯ ಕುರಿತ ಪ್ರೊ. ಮಹಮ್ಮದ್ ಪೀರ್ ವರದಿ ಪ್ರತಿ ಕುಟುಂಬಕ್ಕೆ ಎರಡೂವರೆ ಎಕರೆ ಜಮೀನು ಕೊಡಬೇಕು ಅಂದಿತ್ತು. ಇದಕ್ಕೂ ಭಾಷೆಗೂ ಏನು ಸಂಬಂಧ ಅನ್ನಿಸಬಹುದು. ಸ್ವಂತ ನೆಲದಲ್ಲಿ ಹತ್ತು ಮನೆ ಒಟ್ಟಿಗಿದ್ದರೆ ಅಂಗಳದಿಂದ ಅಂಗಳಕ್ಕೆ ಕೂಗಿ ಆಡಲು ಭಾಷೆಗೊಂದು ಜಾಗ ಸಿಗುತ್ತದೆ. ಕೂಲಿಗಾಗಿ ಒಂದೊಂದು ಮನೆ ಒಂದೊಂದು ಕಡೆ ಚದುರಿದರೆ, ಅಕ್ಕಪಕ್ಕದ ಮಕ್ಕಳ ಜೊತೆ ಆಡುವ ಮಗುವಿಗೆ ಆ ಮಾತು ಬೇಕಾಗುವ ಸಂದರ್ಭವೇ ಬರುವುದಿಲ್ಲ. ಇನ್ನು, ಕೊರಗ ಮನೆಗಳು ಹೆಚ್ಚಿರುವ ಕಡೆ ಅಂಗನವಾಡಿಗೆ ಆ ಸಮುದಾಯದ ಹೆಣ್ಣುಮಗಳನ್ನೇ ನೇಮಿಸಿ, ಮೊದಲ ಮೂರು ವರ್ಷ ಮಕ್ಕಳ ಜೊತೆ ಅವರದೇ ಮಾತಾಡಲು ಬಿಡುವುದು ಈಗಲೇ ಶುರುವಾಗಬಹುದಾದ ಕೆಲಸ.